ಅಪ್‌ಡೇಟ್ ನಿಲ್ಲುವ ದಿನಾಂಕವನ್ನು ಡಬ್ಬದ ಮೇಲೆ ಹಾಕಿಸಿ: ಗ್ರಾಹಕ ಖಾತೆಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ಮಾತ್ರೆಯ ಸ್ಟ್ರಿಪ್ ಮೇಲೆ ಎಕ್ಸ್‌ಪೈರಿ ದಿನಾಂಕ ಇರುತ್ತದೆ. ರೂಟರ್, ಬಾಗಿಲಿಗೆ ಹಾಕುವ ಕ್ಯಾಮೆರಾ, ಸ್ಮಾರ್ಟ್ ಟಿವಿ, ಆನ್‌ಲೈನ್ ಗೇಮ್ ತಗೊಂಡು ನೋಡಿ, ಹೆಚ್ಚಿನವುಗಳ ಡಬ್ಬದ ಮೇಲೆ ಅಂಥದ್ದೇನೂ ಕಾಣುವುದಿಲ್ಲ. ಹಾಗಂತ ಇವಕ್ಕೆ ಕೊನೆ ಇಲ್ಲ ಅಂತಲ್ಲ. ಒಂದು ದಿನ ಕಂಪನಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸುತ್ತದೆ, ಇಲ್ಲವೇ ಸರ್ವರ್ ಬಂದ್ ಮಾಡುತ್ತದೆ. ಆ ದಿನ ಯಾವುದು ಅಂತ ದುಡ್ಡು ಕೊಡುವ ಮೊದಲೇ ಜನರಿಗೆ ಗೊತ್ತಾಗಬೇಕು. ಅದಕ್ಕೊಂದು ನಿಯಮ ತನ್ನಿ ಅಂತ ಕೇಳಲು ಈ ಪತ್ರ.

ಸುರಕ್ಷತೆ ಅಂದ ಕೂಡಲೇ ನಮ್ಮೆಲ್ಲರ ತಲೆಗೆ ಬರುವುದು ಬೆಂಕಿ, ಶಾಕ್, ಸ್ಫೋಟ. 2016ರಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ನೋಟ್ 7 ಫೋನುಗಳ ಬ್ಯಾಟರಿ ಹೊತ್ತಿಕೊಂಡಾಗ ಕಂಪನಿ ಅವನ್ನು ವಾಪಸ್ ತರಿಸಿಕೊಂಡಿತು. ಬದಲಿಗೆ ಕೊಟ್ಟ ಫೋನುಗಳೂ ಹೊತ್ತಿಕೊಂಡವು, ಕೊನೆಗೆ ಆ ಮಾದರಿಯನ್ನೇ ನಿಲ್ಲಿಸಬೇಕಾಯಿತು. ಅದೇ ವರ್ಷ ಮಿರಾಯ್ ಎಂಬ ಮಾಲ್‌ವೇರ್, ಅಂದರೆ ಕೇಡು ಮಾಡುವ ಸಾಫ್ಟ್‌ವೇರ್, ಹರಡಿತು. ಅದು ಮಾಡಿದ್ದು ತುಂಬಾ ಸರಳ ಕೆಲಸ. ಕ್ಯಾಮೆರಾ, ರೂಟರ್, ಡಿವಿಆರ್‌ಗಳಿಗೆ ಫ್ಯಾಕ್ಟರಿಯಲ್ಲೇ ಹಾಕಿ ಕಳಿಸಿದ್ದ ಪಾಸ್‌ವರ್ಡ್‌ಗಳ ಒಂದು ಸಣ್ಣ ಪಟ್ಟಿ ಇಟ್ಟುಕೊಂಡು, ಒಂದೊಂದನ್ನೇ ಹಾಕಿ ನೋಡಿ ಒಳಗೆ ನುಗ್ಗುತ್ತಿತ್ತು. ಹಾಗೆ ವಶ ಮಾಡಿಕೊಂಡ ಸಾಧನಗಳನ್ನೆಲ್ಲ ಸೇರಿಸಿ ಅಕ್ಟೋಬರ್ 21ರಂದು ವೆಬ್ ತಾಣಗಳ ಹೆಸರಿನಿಂದ ಅವುಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ದಾಳಿ ಮಾಡಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್‌ನಂಥ ತಾಣಗಳು ಎಷ್ಟೋ ಜನರಿಗೆ ಗಂಟೆಗಟ್ಟಲೆ ತೆರೆಯಲೇ ಇಲ್ಲ. ತಮ್ಮ ಕ್ಯಾಮೆರಾ ಇದರಲ್ಲಿ ಪಾಲುಗೊಂಡಿದೆ ಅನ್ನುವ ಸುಳಿವು ಅದರ ಮಾಲೀಕರಿಗೆ ಸಿಗುವಂತಿರಲಿಲ್ಲ. ಅದರ ಪಾಡಿಗೆ ಅದು ಚಿತ್ರ ತೋರಿಸುತ್ತಲೇ ಇತ್ತು, ಹೊಗೆಯೂ ಬರಲಿಲ್ಲ, ವಾಸನೆಯೂ ಬರಲಿಲ್ಲ.

ನನ್ನ ವಾದ ನಿಂತಿರುವುದು ಇಲ್ಲೇ. ಹೊತ್ತಿಕೊಂಡ ಫೋನಿನಿಂದ ಅಪಾಯ ಹತ್ತಿರ ಇದ್ದವರಿಗೆ. ಅಪ್‌ಡೇಟ್ ನಿಂತರೆ ಆಮೇಲೆ ಸಿಗುವ ಲೋಪಗಳನ್ನು ಮುಚ್ಚುವವರಿಲ್ಲ, ಹೀಗೇ ಯಾರಾದರೂ ಒಳಗೆ ನುಗ್ಗಬಹುದು. ಅಂಥ ರೂಟರ್‌ನಿಂದ ಅಪಾಯ ಅದನ್ನು ಇಟ್ಟುಕೊಂಡವರಿಗೂ ಹೌದು, ಅದರ ಹೆಸರನ್ನೇ ಕೇಳದವರಿಗೂ ಹೌದು. ಹಾಗಿರುವಾಗ ಇದನ್ನು ಬರೀ ಗ್ಯಾರಂಟಿ ಕಾರ್ಡಿನ ವಿಷಯ ಅಂತ ಬಿಡಬಾರದು. ಇದೂ ಉತ್ಪನ್ನ ಸುರಕ್ಷತೆಯೇ.

ಇನ್ನು ಸರ್ವರ್ ಬಂದ್ ಮಾಡುವ ಕತೆ. ಯೂಬಿಸಾಫ್ಟ್‌ನ ದಿ ಕ್ರೂ ಎಂಬ ಕಾರು ಓಡಿಸುವ ಗೇಮ್ 2014ರಲ್ಲಿ ಬಂತು. ಒಬ್ಬರೇ ಆಡಲು ದೊಡ್ಡ ಭಾಗವೇ ಅದರಲ್ಲಿತ್ತು, ಆದರೂ ಇಂಟರ್ನೆಟ್ ಇಲ್ಲದೆ ಓಡುತ್ತಿರಲಿಲ್ಲ. 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು, ಅಂಗಡಿಯಲ್ಲಿ ಡಿಸ್ಕ್ ಕೊಂಡವರ ಕೈಯಲ್ಲೂ ಏನೂ ಉಳಿಯಲಿಲ್ಲ. ಇದರಿಂದ ಸಿಟ್ಟಾದ ಆಟಗಾರರು ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅನ್ನುವ ಚಳವಳಿ ಶುರು ಮಾಡಿದರು. ಗೇಮ್ ಆಡುವ ಹುಡುಗರ ಗಲಾಟೆ ಅಂತ ದಯವಿಟ್ಟು ಇದನ್ನು ತಳ್ಳಿಹಾಕಬೇಡಿ. ಯೂರೋಪಿಯನ್ ಯೂನಿಯನ್‌ನಲ್ಲಿ ಅವರ ಮನವಿಗೆ 10 ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದ್ದಾರೆ. ಅವರು ಎತ್ತಿರುವ ಪ್ರಶ್ನೆ ಗೇಮ್‌ಗೆ ಮಾತ್ರ ಸೇರಿದ್ದೂ ಅಲ್ಲ. ರಿವಾಲ್ವ್ ಅಂತ ಒಂದು ಹಬ್ ಇತ್ತು, ಮನೆಯ ದೀಪ, ಬೀಗಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ಪೆಟ್ಟಿಗೆ, ಬೆಲೆ ಸುಮಾರು 300 ಡಾಲರ್. ಆ ಕಂಪನಿಯನ್ನು ನೆಸ್ಟ್ ಕೊಂಡುಕೊಂಡಿತು, 2016ರ ಮೇ ತಿಂಗಳಲ್ಲಿ ಸೇವೆ ನಿಲ್ಲಿಸಿತು. ಪೆಟ್ಟಿಗೆಯಲ್ಲಿ ಏನೂ ಕೆಟ್ಟಿರಲಿಲ್ಲ, ಆದರೂ ಅದು ಕೆಲಸಕ್ಕೆ ಬಾರದ್ದಾಯಿತು.

ಸರ್ವರ್ ನಡೆಸಲು ಖರ್ಚಾಗುತ್ತದೆ, ಎಂದೆಂದಿಗೂ ನಡೆಸಿ ಅಂದರೆ ಹೇಗೆ ಅಂತ ಕಂಪನಿಗಳು ನಿಮ್ಮ ಬಳಿ ಬಂದು ಕೇಳುತ್ತವೆ. ನ್ಯಾಯವಾದ ಮಾತೇ, ಎಂದೆಂದಿಗೂ ನಡೆಸಿ ಅಂತ ನಾನೂ ಕೇಳುತ್ತಿಲ್ಲ. ಬಾಗಿಲು ಹಾಕುವಾಗ ಕೀಲಿ ಕೊಟ್ಟು ಹೋಗಲಿ, ಅಷ್ಟೇ. ಅದು ಆಗದ ಕೆಲಸವೇನಲ್ಲ. ನಾಕೌಟ್ ಸಿಟಿ ಎಂಬ ಆನ್‌ಲೈನ್ ಗೇಮ್ 2023ರಲ್ಲಿ ನಿಂತಾಗ, ಆಟಗಾರರೇ ಸರ್ವರ್ ನಡೆಸಿಕೊಂಡು ಆಡುವಂಥ ಆವೃತ್ತಿಯನ್ನು ಅದನ್ನು ಮಾಡಿದವರೇ ಕೊಟ್ಟರು. ದಿ ಕ್ರೂ ವಿಷಯದಲ್ಲಿ ಜನ ಅಷ್ಟು ಕೂಗಾಡಿದ ಮೇಲೆ ಯೂಬಿಸಾಫ್ಟ್ ಕೂಡ, ಅದರ ಮುಂದಿನ ಭಾಗಗಳನ್ನು ಆಫ್‌ಲೈನ್‌ನಲ್ಲಿ ಆಡುವ ಹಾಗೆ ಮಾಡುತ್ತೇವೆ ಅಂತ ಹೇಳಿತು. ಮೊದಲೇ ನಿಯಮ ಇದ್ದಿದ್ದರೆ ಇಷ್ಟು ಕೂಗಾಟ ಬೇಕಿತ್ತಾ?

ದಿನಾಂಕ ಮೊದಲೇ ಹೇಳುವುದು ಇನ್ನೂ ಸುಲಭ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಅಂತ ಮೈಕ್ರೋಸಾಫ್ಟ್ ವರ್ಷಗಳ ಮುಂಚೆಯೇ ಹೇಳಿತ್ತು. ವಿಂಡೋಸ್ 11 ಓಡದ, ಆದರೆ ಚೆನ್ನಾಗಿಯೇ ಇರುವ ಕಂಪ್ಯೂಟರ್‌ಗಳನ್ನು ಏನು ಮಾಡಬೇಕು ಅನ್ನುವ ಜಗಳ ಬೇರೆ, ಅದರಲ್ಲಿ ನಾನು ಜನರ ಕಡೆಗೇ ಇದ್ದೇನೆ. ಆದರೆ ದಿನಾಂಕವಂತೂ ಗೊತ್ತಿತ್ತು.

ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಇದು ಕಾನೂನು. ಇಂಟರ್ನೆಟ್‌ಗೆ ಸೇರಿಸುವ ಗ್ರಾಹಕ ಸಾಧನಗಳಿಗೆಲ್ಲ ಒಂದೇ ಪಾಸ್‌ವರ್ಡ್ ಹಾಕಿ ಮಾರುವಂತಿಲ್ಲ, ಕಡಿಮೆ ಅಂದರೆ ಎಲ್ಲಿಯವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ ಅಂತ ತಿಳಿಸಲೇಬೇಕು. ಡಿಜಿಟಲ್ ಉತ್ಪನ್ನಗಳ ಭದ್ರತೆಗಾಗಿ ಯೂರೋಪಿಯನ್ ಯೂನಿಯನ್ ತಂದ ಸೈಬರ್ ರೆಸಿಲಿಯನ್ಸ್ ಕಾಯ್ದೆಯ ಮುಖ್ಯ ನಿಯಮಗಳು 2027ರ ಡಿಸೆಂಬರ್‌ನಿಂದ ಜಾರಿ. ಬೇರೆಯವರು ಹೆಣಗಾಡಿ ಬರೆದ ಪಠ್ಯ ಕಣ್ಣ ಮುಂದೆ ಇದೆ, ನೀವು ಸೊನ್ನೆಯಿಂದ ಶುರು ಮಾಡಬೇಕಾಗಿಲ್ಲ.

ಆದರೆ ನಿಯಮ ಬರೆಯುವಾಗ ಒಂದು ಜಾಗದಲ್ಲಿ ತುಂಬಾ ಹುಷಾರಾಗಿರಬೇಕು. ಬರೀ 'ಮೂರು ವರ್ಷ ಅಪ್‌ಡೇಟ್' ಅಂತ ಬರೆಯಲು ಬಿಟ್ಟರೆ, ಯಾವತ್ತಿನಿಂದ ಮೂರು ವರ್ಷ? ಕಂಪನಿ ಎಣಿಸುವುದು ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ. ಜನ ಕೊಳ್ಳುವುದು ಎರಡು ವರ್ಷ ಕಳೆದು ರಿಯಾಯಿತಿ ಬಂದ ಮೇಲೆ. ಅವರಿಗೆ ಉಳಿಯುವುದು ಒಂದೇ ವರ್ಷ, ಅದೂ ಅವರಿಗೆ ಗೊತ್ತಿರುವುದಿಲ್ಲ. ಕಡಿಮೆ ದುಡ್ಡಿನವರು ಹಳೆ ಮಾದರಿಯನ್ನೇ ಕೊಳ್ಳುತ್ತಾರೆ, ಹಾಗಾಗಿ ಪೆಟ್ಟು ಬೀಳುವುದೂ ಅವರಿಗೇ ಜಾಸ್ತಿ. ಯೂರೋಪಿಯನ್ ಯೂನಿಯನ್ 2025ರ ಜೂನ್ 20ರಿಂದ ಫೋನುಗಳಿಗೆ ತಂದ ನಿಯಮದಲ್ಲಿ, ಆ ಮಾದರಿ ಮಾರುಕಟ್ಟೆಗೆ ಬರುವುದು ನಿಂತ ಮೇಲೆ ಐದು ವರ್ಷ ಅಂತ ಎಣಿಸುತ್ತಾರೆ. ನೀವೂ ಹಾಗೇ ಮಾಡಿಸಿ. ಆದರೆ ಜನರಿಗೆ ತೋರಿಸುವಾಗ ಬರೀ ವರ್ಷಗಳ ಲೆಕ್ಕ ಬೇಡ, ದಿನ, ತಿಂಗಳು, ವರ್ಷ ಪೂರ್ತಿ ಇರುವ ದಿನಾಂಕವೇ ಬೇಕು. ಡಬ್ಬದ ಹೊರಗೆ ಇರಬೇಕು, ಆನ್‌ಲೈನ್‌ನಲ್ಲಿ ಮಾರುವಾಗ ಬೆಲೆಯ ಪಕ್ಕದಲ್ಲೇ ಇರಬೇಕು, ಯಾರೂ ಓದದ ಷರತ್ತುಗಳ ಕೊನೆಯಲ್ಲಿ ಹುದುಗಿಸಿ ಇಡುವುದಲ್ಲ.

ಇನ್ನೊಂದು ತೊಡಕು ಹೆಸರಿನದು. ಎಷ್ಟೋ ಕ್ಯಾಮೆರಾ, ಸ್ಮಾರ್ಟ್ ಪ್ಲಗ್‌ಗಳು ಒಂದೇ ಕಾರ್ಖಾನೆಯಿಂದ ಬಂದು ಬೇರೆ ಬೇರೆ ಬ್ರ್ಯಾಂಡ್‌ಗಳಲ್ಲಿ ಮಾರಾಟವಾಗುತ್ತವೆ. ನಾಳೆ ಲೋಪ ಸಿಕ್ಕರೆ ಬ್ರ್ಯಾಂಡ್‌ನವರು ಕಾರ್ಖಾನೆ ಕಡೆ ಕೈ ತೋರಿಸುತ್ತಾರೆ, ಕಾರ್ಖಾನೆಯವರು ಉತ್ತರವನ್ನೇ ಕೊಡುವುದಿಲ್ಲ. ಆದ್ದರಿಂದ ಡಬ್ಬದ ಮೇಲೆ ಹಾಕಿದ ದಿನಾಂಕಕ್ಕೆ ಅದನ್ನು ತರಿಸಿ ಮಾರಿದವರೇ ಹೊಣೆ ಅಂತ ನಿಯಮದಲ್ಲೇ ಬರೆಯಿರಿ, ಮಾತು ತಪ್ಪಿದರೆ ದುಡ್ಡು ವಾಪಸ್ ಕೊಡಬೇಕು ಅಂತಲೂ ಸೇರಿಸಿ.

ಕರಡು ತಯಾರಿಸುವ ಸಭೆಗೆ ಕಂಪನಿಗಳ ವಕೀಲರು ಬಂದೇ ಬರುತ್ತಾರೆ, ಅವರನ್ನು ಯಾರೂ ಕರೆಯಬೇಕಾಗಿಲ್ಲ. ರಿಪೇರಿ ಮಾಡುವವರನ್ನು, ಭದ್ರತಾ ಲೋಪ ಹುಡುಕುವವರನ್ನು, ಹಳೆ ಗೇಮ್‌ಗಳನ್ನು ಉಳಿಸಲು ಒದ್ದಾಡುತ್ತಿರುವ ಆಟಗಾರರನ್ನು ಮಾತ್ರ ನೀವೇ ಕರೆಯಬೇಕು. ಕರಡನ್ನು ಸಾರ್ವಜನಿಕರ ಮುಂದೆ ಇಡುವ ದಿನ ಯಾವುದು ಅಂತ ದಯವಿಟ್ಟು ತಿಳಿಸಿ.

ಇಂತಿ,
ಒಬ್ಬ ಗ್ರಾಹಕ