ಓಟು ಹಾಕಲ್ಲ ಅಂದ್ಯಲ್ಲ, ಅದಕ್ಕೆ ಈ ಪತ್ರ

ಪ್ರೀತಿಯ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದ.

ಯಾರು ಬಂದ್ರೂ ರಾಗಿ ಬೀಸೋದು ತಪ್ಪಲ್ಲ, ಈ ಸಲ ನಾನು ಓಟೇ ಹಾಕಲ್ಲ ಅಂತ ಫೋನಲ್ಲಿ ಹೇಳ್ಬಿಟ್ಟು, ಆಮೇಲೆ ಡೇಟಾ ಕಾಯ್ದೆ ಸರಿ ಇಲ್ಲ, ಇಂಟರ್ನೆಟ್ ಬಂದ್ ಮಾಡ್ತಾರೆ, ಎಲ್ಲಿ ನೋಡಿದ್ರೂ ಮುಖ ಗುರುತಿಸೋ ಕ್ಯಾಮೆರಾ ಅಂತ ಒಂದೇ ಸಮನೆ ಬೈದೆ. ಬೈದಿದ್ರಲ್ಲಿ ಮುಕ್ಕಾಲು ಭಾಗ ಸರಿಯಾಗೇ ಇದೆ ಕಣೋ. ಆದ್ರೆ ನನ್ ಹತ್ರ ಬೈದ್ರೆ ಏನ್ ಬಂತು, ಅದೇ ಮಾತನ್ನ ನಿನ್ನ ಕ್ಷೇತ್ರದಲ್ಲಿ ನಿಂತಿರೋ ಒಬ್ಬ ಕ್ಯಾಂಡಿಡೇಟಿಗಾದ್ರೂ ಹೇಳಿದೀಯಾ?

ಗೆದ್ಮೇಲೆ ಕೇಳೋಣ ಅನ್ಕೊಂಡ್ರೆ ಆಗಲ್ಲ. 2023ರ ಆಗಸ್ಟಲ್ಲಿ ನೀನು ಬೈದ ಆ ಡೇಟಾ ಕಾಯ್ದೆ, ಅಂದ್ರೆ ನಮ್ಮ ಖಾಸಗಿ ಮಾಹಿತಿ ಕಾಪಾಡೋಕೆ ಅಂತ ತಂದ ಡೇಟಾ ಸಂರಕ್ಷಣೆ ಮಸೂದೆ, ಎರಡೂ ಸದನದಲ್ಲಿ ಧ್ವನಿಮತದಲ್ಲೇ ಪಾಸಾಯ್ತು, ಅಂದ್ರೆ ಹೌದು ಅಂದೋರು ಯಾರು ಬೇಡ ಅಂದೋರು ಯಾರು ಅನ್ನೋದು ಕಡತದಲ್ಲೇ ಇಲ್ಲ, ಐದು ವರ್ಷ ಆದ್ಮೇಲೆ ನಮ್ಮ ಎಂಪಿಯನ್ನ ಹಿಡ್ಕೊಂಡು ನೀವೇನ್ ಮಾಡಿದ್ರಿ ಅಂತ ಕೇಳಿದ್ರೆ ಅವ್ರು ಏನು ಬೇಕಾದ್ರೂ ಹೇಳ್ಬಹುದು. ಸರ್ಕಾರ ತನಗೆ ಬೇಕಾದ ಇಲಾಖೆಗೆ ಆ ಕಾಯ್ದೆಯಿಂದ ವಿನಾಯ್ತಿ ಕೊಟ್ಕೊಳ್ಳೋಕೆ ಅದ್ರಲ್ಲೇ ದಾರಿ ಇದೆ. ಅದರ ಜೊತೆಗೆ ಮಾಹಿತಿ ಹಕ್ಕು ಕಾಯ್ದೆಗೂ ಕತ್ತರಿ ಬಿತ್ತು. ಹಾಗಾಗಿ ಓಟು ಕೇಳೋಕೆ ಬಂದಾಗ್ಲೇ ಹಿಡೀಬೇಕು. ಕೈ ಮುಗ್ಕೊಂಡು ನಿಂತು ಪೂರ್ತಿ ಕೇಳಿಸ್ಕೊಳ್ಳೋದು ಅವ್ರು ಆಗ ಮಾತ್ರ.

ಕೋರ್ಟ್ ಇದೆಯಲ್ಲ ಅಂತೀಯೇನೋ. ಐಟಿ ಕಾಯ್ದೆಯ 66ಎ ಸೆಕ್ಷನ್, ಆನ್‌ಲೈನಲ್ಲಿ ಮನಸ್ಸು ನೋಯಿಸೋ ಥರದ್ದು ಬರೆದ್ರೆ ಜೈಲು ಅನ್ನೋದು, 2008ರ ಕೊನೇಲಿ ಪಾರ್ಲಿಮೆಂಟಲ್ಲಿ ಚರ್ಚೆನೇ ಆಗ್ದೆ ಪಾಸಾಯ್ತು. ಫೇಸ್‌ಬುಕ್ ಪೋಸ್ಟ್ ಹಾಕಿದ್ದಕ್ಕೆ, ಅದಕ್ಕೆ ಲೈಕ್ ಒತ್ತಿದ್ದಕ್ಕೆ ಅರೆಸ್ಟ್ ಆದೋರು ಇದ್ರು, ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿದ್ದು 2015ರ ಮಾರ್ಚಲ್ಲಿ. ಆರು ವರ್ಷದ ಮೇಲಾಯ್ತು ನೋಡು.

ಬರೆದ್ರೆ ಯಾರು ಓದ್ತಾರೆ ಅಂತೀಯಾ? ಅದೇ 2015ರಲ್ಲಿ ನೆಟ್ ನ್ಯೂಟ್ರಾಲಿಟಿ, ಅಂದ್ರೆ ಎಲ್ಲಾ ವೆಬ್‌ಸೈಟನ್ನೂ ಒಂದೇ ಥರ ನೋಡ್ಬೇಕು ಅನ್ನೋ ಗಲಾಟೆ ಆದಾಗ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಜಾಸ್ತಿ ಇಮೇಲ್ ಹೋಯ್ತು, ಬಹಳ ಜನ ನಿನ್ ವಯಸ್ಸಿನೋರೇ, ಮುಂದಿನ ಫೆಬ್ರವರಿಯಲ್ಲಿ ಒಂದೊಂದು ವೆಬ್‌ಸೈಟಿಗೆ ಒಂದೊಂದು ರೇಟು ಹಾಕೋ ಹಾಗಿಲ್ಲ ಅಂತ ಆದೇಶ ಬಂತು. ಕ್ಯಾಂಡಿಡೇಟ್ ವಿಷಯದಲ್ಲಿ ಲಕ್ಷಗಟ್ಲೆ ಬೇಕಾಗೂ ಇಲ್ಲ. ರಸ್ತೆ, ನೀರು, ಚರಂಡಿ ಬಗ್ಗೆ ದಿನಾ ಕೇಳ್ತಾರೆ, ಡೇಟಾ ಬಗ್ಗೆ ಕೇಳೋರೇ ಇಲ್ಲ, ನೀನು ಕೇಳಿದ್ರೆ ಬಹುಶಃ ನೀನೇ ಮೊದಲನೆಯವನು.

ಹೆಂಗೆ ಕೇಳೋದು ಅಂದ್ರೆ, ನಾಮಪತ್ರದ ಜೊತೆ ಕೊಡೋ ಅಫಿಡವಿಟ್ ಇದೆಯಲ್ಲ, ಫಾರಂ 26, ಅದ್ರಲ್ಲಿ ಆಸ್ತಿ, ಕೇಸು ಮಾತ್ರ ಅಲ್ಲ, ಫೋನ್ ನಂಬರ್, ಇಮೇಲು, ಸೋಶಿಯಲ್ ಮೀಡಿಯಾ ಅಕೌಂಟೂ ಬರೀಬೇಕು. ಚುನಾವಣಾ ಆಯೋಗದ ಸೈಟಲ್ಲೇ ಸಿಗುತ್ತೆ. ಯಾರಿಗೆ ಏನು ಕೇಳ್ಬೇಕು ಅನ್ನೋದನ್ನ ಮೊದ್ಲು ತಿಳ್ಕೋ: ಡೇಟಾ ಕಾಯ್ದೆ ಕೇಂದ್ರದ್ದು, ಅದು ಎಂಪಿ ಕ್ಯಾಂಡಿಡೇಟಿಗೆ. ಇಂಟರ್ನೆಟ್ ನಿಲ್ಸೋ ಆದೇಶ ಸಾಮಾನ್ಯವಾಗಿ ಹೊರಡೋದು ರಾಜ್ಯದ ಗೃಹ ಇಲಾಖೆಯಿಂದ, ಪೊಲೀಸ್ ಕ್ಯಾಮೆರಾನೂ ರಾಜ್ಯದ್ದೇ, ಅದು ಎಂಎಲ್‌ಎ ಆಗೋಕೆ ಹೊರಟೋರಿಗೆ. ಎಂಎಲ್‌ಎಗೆ ಹೋಗಿ ಡೇಟಾ ಕಾಯ್ದೆ ತಿದ್ದುಪಡಿ ಮಾಡಿಸಿ ಅಂದ್ರೆ ಅವ್ರು ಆಯ್ತು ಆಯ್ತು ಅಂತ ತಲೆ ಅಲ್ಲಾಡ್ಸಿ ಹೋಗ್ತಾರೆ ಅಷ್ಟೇ.

ಉದ್ದುದ್ದ ಭಾಷಣ ಬರೀಬೇಡ. ನಾನು ಇಂಥಾ ವಾರ್ಡಿನ ಮತದಾರ ಅಂತ ಮೊದಲ ಸಾಲಲ್ಲೇ ಹೇಳು, ಆಮೇಲೆ ಒಂದೇ ಒಂದು ಪ್ರಶ್ನೆ, ಹೌದು ಇಲ್ಲ ಅಂತ ಉತ್ತರ ಕೊಡೋ ಥರದ್ದು, ಕನ್ನಡದಲ್ಲೇ. ಸೋಲೋರಿಗೂ ಕಳ್ಸು, ಅವ್ರೇ ಮುಂದಿನ ಸಲ ಇದನ್ನ ಎತ್ಕೊಂಡು ಗೆದ್ದವರನ್ನ ಕಾಡೋದು. ಉತ್ತರ ಬಂದ್ರೆ ಎತ್ತಿಟ್ಕೋ. ಬರ್ಲಿಲ್ಲ ಅಂದ್ರೆ ಅದೂ ಒಂದು ಉತ್ತರ ಅಂತಿಟ್ಕೋ, ಬೂತಿಗೆ ಹೋಗು. ಬರಿ ಪತ್ರ ಬರೆದು ಮನೇಲಿ ಕೂರೋನನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ, ಐಟಿ ಐಟಿ ಅನ್ನೋ ಬೆಂಗಳೂರಿನ ಮೂರು ಲೋಕಸಭಾ ಕ್ಷೇತ್ರದಲ್ಲಿ 2024ರಲ್ಲಿ ಓಟು ಬಿದ್ದಿದ್ದು ಶೇಕಡಾ 54ರ ಆಸುಪಾಸು, ಪಾರ್ಟಿಯೋರಿಗೆ ಆ ಲೆಕ್ಕ ಚೆನ್ನಾಗೇ ಗೊತ್ತು. ನನ್ನೊಬ್ಬನ ಓಟಿಂದ ಏನಾಗುತ್ತೆ ಅಂತ ಮಾತ್ರ ಅನ್ಬೇಡ, 2023ರ ವಿಧಾನಸಭಾ ಚುನಾವಣೆಲಿ ಬೆಂಗಳೂರಿನ ಜಯನಗರದ ರಿಸಲ್ಟ್ ನಿಂತಿದ್ದು 16 ಓಟಿನ ಮೇಲೆ.

ನೀನು ಮನೆ ಬದಲಾಯಿಸಿದೀಯ, ಮತದಾರರ ಪಟ್ಟೀಲಿ ವಿಳಾಸ ಬದಲಾಯಿಸೋಕೆ ಫಾರಂ 8 ಹಾಕಿದೀಯೋ ಇಲ್ವೋ ನೋಡ್ಕೋ. ನಾಮಪತ್ರದ ಕೊನೇ ದಿನ ದಾಟಿದ್ರೆ ಪಟ್ಟಿ ಮುಟ್ಟೋ ಹಾಗಿಲ್ಲ. ಪ್ರಶ್ನೆ ಬರ್ದು ಮೊದ್ಲು ನನಗೆ ಕಳ್ಸು, ಉದ್ದ ಆಗಿದ್ರೆ ಕಡಿಮೆ ಮಾಡ್ಕೊಡ್ತೀನಿ.

ನಿನ್ನ
ದೊಡ್ಡಪ್ಪ