ಶನಿವಾರದ ಕೂಟಕ್ಕೆ ಹತ್ತು ವರ್ಷ: ವಂದನೆ ಹೇಳಬೇಕಾದವರು ತುಂಬಾ ಜನ

ಹಾಸನದ ನಮ್ಮ ಶನಿವಾರದ ಬೈಬಲ್ ಕೂಟಕ್ಕೆ ಈ ಜೂನ್‌ನಲ್ಲಿ ಹತ್ತು ವರ್ಷ ತುಂಬಿತು. ಹೋದ ವರ್ಷ ಇದು ನಿಂತೇ ಹೋಗುತ್ತದೆ ಎಂದು ಅನೇಕರು ಅಂದುಕೊಂಡಿದ್ದರು. ಕೆಲವು ರಾತ್ರಿ ನನಗೂ ಹಾಗೇ ಅನ್ನಿಸಿತ್ತು. ನಿಲ್ಲಲಿಲ್ಲ. ದೇವರಿಗೆ ಸ್ತೋತ್ರ. ನಿಲ್ಲದ ಹಾಗೆ ನೋಡಿಕೊಂಡ ಜನರಿಗೂ ಎಲ್ಲರ ಮುಂದೆ ವಂದನೆ ಹೇಳಬೇಕು ಎಂದು ಇದನ್ನು ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕುತ್ತಿಲ್ಲ, ಕೆಲವರಿಗೆ ಅದರಿಂದ ತೊಂದರೆ ಆಗಬಹುದು. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ನಮ್ಮ ಪರಿಚಯ ಇಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕ ನೋಡುವವಳು. ಕ್ರೈಸ್ತರ ಮನೆಯಲ್ಲೇ ಹುಟ್ಟಿದೆ, ಪ್ರತಿ ಭಾನುವಾರ ದೇವಾಲಯಕ್ಕೆ ಹೋಗಿ ಬೆಳೆದೆ. ಆದರೂ ಒಂದು ಸುವಾರ್ತೆಯನ್ನು, ಅಂದರೆ ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ಪುಸ್ತಕವನ್ನು, ಮೊದಲಿಂದ ಕೊನೆಯವರೆಗೆ ಓದಿದ್ದು ಡಿಗ್ರಿಯಲ್ಲಿ, ಹಾಸ್ಟೆಲ್ ರೂಮಿನ ಗೆಳತಿ ಜೊತೆ. ಅವಳು ಒಂದೊಂದು ಪುಟಕ್ಕೂ ಪ್ರಶ್ನೆ ಕೇಳುತ್ತಿದ್ದಳು. ಯೇಸು ನನಗೆ ಸ್ವಂತ ಆದದ್ದು ಆ ರೂಮಿನಲ್ಲಿ. ಅದಕ್ಕೇ ಕಾಲೇಜು ಮಕ್ಕಳೆಂದರೆ ನನಗೆ ಅಷ್ಟು ಪ್ರೀತಿ. ಜೀವನದ ದೊಡ್ಡ ಪ್ರಶ್ನೆಗಳು ಬರುವ ವಯಸ್ಸು ಅದು, ಕೇಳಲು ಜಾಗವೇ ಇರುವುದಿಲ್ಲ. ಮನೆಯಲ್ಲಿ ಕೇಳಿದರೆ ಬೈಗುಳ, ಕ್ಲಾಸಿನಲ್ಲಿ ಕೇಳಿದರೆ ಸಿಲೆಬಸ್‌ನಲ್ಲಿಲ್ಲ. ಮದುವೆಯಾಗಿ ಹಾಸನದಲ್ಲಿ ನೆಲೆ ನಿಂತ ಮೇಲೆ ನಾನೂ ನಮ್ಮ ಯಜಮಾನರೂ ಶನಿವಾರ ಸಂಜೆ ಮನೆಯ ಬಾಗಿಲು ತೆರೆದಿಟ್ಟೆವು. ಸಾಲಗಾಮೆ ರಸ್ತೆಯ ಕಡೆಯಿಂದ, ಗಂಧದ ಕೋಠಿಯಿಂದ, ಡೈರಿ ಸರ್ಕಲ್ ಕಡೆಯಿಂದ ಮಕ್ಕಳು ಬರುತ್ತಾರೆ. ಆಲೂರು, ಅರಕಲಗೂಡು, ಸಕಲೇಶಪುರದಿಂದ ಬಸ್ ಪಾಸಿನಲ್ಲಿ ಓಡಾಡುವವರೂ ಇದ್ದಾರೆ.

ಇಂಥ ಕೂಟಗಳು ನಮ್ಮ ದೇಶಕ್ಕೆ ಹೊಸದಲ್ಲ. ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ಇಲ್ಲಿ ಶುರುವಾದದ್ದು 1912ರಲ್ಲಿ. ಯು.ಇ.ಎಸ್.ಐ. ಎಂದು ನಾವೆಲ್ಲ ಕರೆಯುವ ವಿದ್ಯಾರ್ಥಿ ಒಕ್ಕೂಟ 1954ರಲ್ಲಿ ಹುಟ್ಟಿತು. ಅಲ್ಲೆಲ್ಲ ವಿದ್ಯಾರ್ಥಿಯೇ ವಿದ್ಯಾರ್ಥಿಗೆ ಹೇಳುವುದು ಪದ್ಧತಿ. ನಮ್ಮದು ಯಾವ ಸಂಸ್ಥೆಯ ಶಾಖೆಯೂ ಅಲ್ಲ, ಆದರೆ ಕಲಿತದ್ದು ಅವರನ್ನು ನೋಡಿಯೇ. ಕ್ಯಾಂಟೀನಿನಲ್ಲಿ, ಕಾಲೇಜಿನ ಮರದ ಕೆಳಗೆ, ಲ್ಯಾಬ್ ಮುಗಿಸಿ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಗೆಳೆಯರು ಮಾತಾಡಿಕೊಳ್ಳುತ್ತಾರೆ. ಜಾಸ್ತಿ ತಿಳಿಯಬೇಕು ಅನ್ನಿಸಿದವರು ಶನಿವಾರ ನಮ್ಮಲ್ಲಿಗೆ ಬರುತ್ತಾರೆ. ಸರ್ಕಾರದ ಹಣದಲ್ಲೇ ನಡೆಯುವ ಕಾಲೇಜಿನಲ್ಲಿ ಧರ್ಮಬೋಧನೆ ಮಾಡುವ ಹಾಗಿಲ್ಲ, ಸಂವಿಧಾನದ 28ನೇ ವಿಧಿ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಆ ನಿಯಮ ನನಗೆ ಸರಿ ಎಂದೇ ಕಾಣುತ್ತದೆ. ಕೂಟವನ್ನು ಮನೆಯಲ್ಲಿ ಇಟ್ಟುಕೊಂಡದ್ದೂ ಅದಕ್ಕೇ.

ಶುರುವಿನಲ್ಲೇ ಕೆಲವು ಕಟ್ಟುಪಾಡು ಹಾಕಿಕೊಳ್ಳಿ ಎಂದು ನಮ್ಮ ಚರ್ಚಿನ ಸಭೆಯ ಪಾದ್ರಿ ಅಯ್ಯನವರು ಹೇಳಿದ್ದರು. ಪಿಯುಸಿ ಮಕ್ಕಳು ತಂದೆತಾಯಿಗೆ ತಿಳಿಸದೆ ಬರಬಾರದು. ಫೀಸಿಗೆ ಕಷ್ಟ ಎಂದವರಿಗೆ ಸಭೆಯ ಹಿರಿಯರು ಸಹಾಯ ಮಾಡಲಿ, ಆದರೆ ಆ ದುಡ್ಡು ಕೂಟದ ಕೈಯಿಂದ ಹೋಗಬಾರದು. ಸಹಾಯ ಪಡೆದವರು ಕೂಟಕ್ಕೆ ಬರಬೇಕೆಂಬ ಮಾತೂ ಎಲ್ಲೂ ಬರಬಾರದು. ಯಾವ ದೇವರನ್ನೂ ಯಾರ ಪೂಜೆಯನ್ನೂ ಹೀಯಾಳಿಸಬಾರದು. "ಹೇಳುವುದು ನಿಮ್ಮ ಪಾಲಿನ ಕೆಲಸ ಕಣಮ್ಮ, ಒಪ್ಪಿಸುವುದು ನಿಮ್ಮ ಕೆಲಸ ಅಲ್ಲ" ಎಂದಿದ್ದರು. ಆಗ ಇದೆಲ್ಲ ತುಸು ಅತಿ ಅನ್ನಿಸಿತ್ತು. ಹೋದ ವರ್ಷ ನಮ್ಮನ್ನು ಕಾಪಾಡಿದ್ದು ಇದೇ ಕಟ್ಟುಪಾಡು. ಅಯ್ಯನವರೇ, ನಿಮಗೆ ಮೊದಲ ವಂದನೆ.

ಹೋದ ವರ್ಷ ಏನಾಯಿತೆಂದು ಚುಟುಕಾಗಿ ಹೇಳುತ್ತೇನೆ. ನಮ್ಮ ಮನೆಯಲ್ಲಿ ಮಕ್ಕಳನ್ನು ಮತಾಂತರ ಮಾಡುತ್ತಾರೆ ಎಂದು ಯಾರೋ ಅರ್ಜಿ ಕೊಟ್ಟರು. ವಿಚಾರಣೆಗೆ ಬಂದವರು ಮರ್ಯಾದೆಯಿಂದಲೇ ಮಾತಾಡಿದರು. ಪುಸ್ತಕ ನೋಡಿದರು, ಯಾರು ಬರುತ್ತಾರೆ ಎಂದು ಕೇಳಿದರು, ಬರೆದುಕೊಂಡು ಹೋದರು. ಆದರೆ ಸುದ್ದಿಗೆ ಕಾಲು ಬೇಕಾ? ಮತಾಂತರದ ಮೇಲಿನ 2022ರ ರಾಜ್ಯದ ಕಾಯ್ದೆ ಬಂದಾಗಿನಿಂದ ಮನೆಯವರಿಗೆ ಮೊದಲೇ ಹೆದರಿಕೆ ಇತ್ತು. ಊರಿನಿಂದ ಫೋನ್ ಬಂತು, ಮಕ್ಕಳು ಬರುವುದು ನಿಲ್ಲಿಸಿದರು. ಒಂದು ಶನಿವಾರ ಇಬ್ಬರೇ ಬಂದರು. ಮಾಡಿದ್ದ ಉಪ್ಪಿಟ್ಟು ಹಾಗೇ ಉಳಿಯಿತು.

ನಮ್ಮ ಸಭೆಯಲ್ಲಿ ವಕೀಲರಾದ ಅಂಕಲ್ ಒಬ್ಬರಿದ್ದಾರೆ. ಅವರು ಬಂದು ಎಲ್ಲರನ್ನೂ ಕೂರಿಸಿಕೊಂಡು ವಿವರಿಸಿದರು. ತನ್ನ ಧರ್ಮವನ್ನು ನಂಬಿ ನಡೆಯಲು, ಅದನ್ನು ಬೇರೆಯವರಿಗೆ ತಿಳಿಸಲು 25ನೇ ವಿಧಿ ಪ್ರತಿಯೊಬ್ಬರಿಗೂ ಸ್ವಾತಂತ್ರ್ಯ ಕೊಟ್ಟಿದೆ. ಆದರೆ ತಿಳಿಸುವ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಿ, ಎದೆ ಎತ್ತಿ ನಡೆಯಿರಿ ಎಂದರು. ಅಂಕಲ್, ಆ ಸಂಜೆ ಆದ ಮೇಲೆ ನಾನು ಸರಿಯಾಗಿ ನಿದ್ದೆ ಮಾಡಿದೆ.

ಈಗ ನಮ್ಮ ಮನೆ ಓನರ್ ಅಜ್ಜಿ. ಅವರು ಕೆಳಗಿನ ಮನೆಯಲ್ಲಿದ್ದಾರೆ, ನಾವು ಮೇಲೆ. ಅಜ್ಜಿ ಹಾಸನಾಂಬೆಯ ಭಕ್ತೆ. ಆಶ್ವಯುಜದಲ್ಲಿ ವರ್ಷಕ್ಕೊಮ್ಮೆ ಬಾಗಿಲು ತೆರೆದಾಗ ಮಂಡಿ ನೋವಿದ್ದರೂ ಸಾಲಿನಲ್ಲಿ ನಿಂತು ದರ್ಶನ ಮಾಡುವವರು. ಇವರನ್ನು ಖಾಲಿ ಮಾಡಿಸಿ ಎಂದು ಅವರ ಮೇಲೆ ಒತ್ತಡ ಬಂತು, ನೆಂಟರಿಂದಲೂ ಬಂತು. ನಾವೇ ಕೆಳಗಿಳಿದು ಹೋಗಿ, "ಅಜ್ಜಿ, ನಿಮಗೆ ಕಷ್ಟ ಆಗೋದು ಬೇಡ, ಬೇರೆ ಮನೆ ನೋಡ್ತೀವಿ" ಎಂದೆವು. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆ ಹೇಳಿದರು: "ನನ್ನ ಎರಡೂ ಹೆರಿಗೆ ಮಿಷನ್ ಆಸ್ಪತ್ರೆಲೇ ಆಗಿದ್ದು. ಅಲ್ಲಿ ದಿನಾ ಪ್ರಾರ್ಥನೆ ಮಾಡೋರು. ನಾನು ಮಗು ಎತ್ಕೊಂಡು ಮನೆಗೆ ಬಂದೆ, ನನ್ನ ದೇವರು ನನ್ನ ಜೊತೇಲೇ ಇದ್ದ. ನಿಮ್ಮ ಹುಡುಗ್ರು ಹಾಡೋದು, ಓದೋದು, ವಾದ ಮಾಡೋದು ಎಲ್ಲಾ ಕೆಳಗೆ ಕೇಳ್ಸುತ್ತೆ. ಅದರಲ್ಲಿ ಬಚ್ಚಿಡೋದೇನಿದೆ? ಎಲ್ಲೂ ಹೋಗ್ಬೇಡಿ."

ಊರಿನವರು ರೆಡ್‌ಫರ್ನ್ ಆಸ್ಪತ್ರೆಯನ್ನು ಈಗಲೂ ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಅಲ್ಲಿ ಅಜ್ಜಿಯ ಹೆರಿಗೆ ಮಾಡಿಸಿದ ದಾದಿಯರು ಯಾರೋ, ಅವರು ಈಗ ಇದ್ದಾರೋ ಇಲ್ಲವೋ. ಅಷ್ಟು ವರ್ಷದ ಹಿಂದೆ ಒಬ್ಬ ಹೆಂಗಸನ್ನು ಪ್ರೀತಿಯಿಂದ ನೋಡಿಕೊಂಡದ್ದಕ್ಕೆ ಇವತ್ತು ನಮಗೆ ಸೂರು ಉಳಿಯಿತು. ಅವರಿಗೂ ವಂದನೆ. ಅಜ್ಜಿ, ನಿಮ್ಮ ಋಣ ತೀರಿಸುವಂಥದ್ದಲ್ಲ. ಬಾಡಿಗೆ ಜಾಸ್ತಿ ಮಾಡಿ ಎಂದರೂ ಮಾಡಲಿಲ್ಲ ನೀವು.

ಅರಕಲಗೂಡಿನ ಕಡೆಯ ಹುಡುಗನ ವಿಷಯ ಬರೆಯದೆ ಇರಲಾರೆ. ಅವನು ಇಂಜಿನಿಯರಿಂಗ್ ಓದುವವನು, ಕ್ರೈಸ್ತನಲ್ಲ. ಗೆಳೆಯನ ಜೊತೆ ಸುಮ್ನೆ ನೋಡೋಣ ಎಂದು ಬಂದವನು, ಲೂಕನ ಸುವಾರ್ತೆಯ 24 ಅಧ್ಯಾಯ ಮುಗಿಯುವವರೆಗೂ ಬಂದ. ಹದಿನೈದನೇ ಅಧ್ಯಾಯದಲ್ಲಿ ಇಬ್ಬರು ಮಕ್ಕಳ ಕಥೆ ಇದೆಯಲ್ಲ, ತಂದೆ ಬದುಕಿರುವಾಗಲೇ ಚಿಕ್ಕವನು ಪಾಲು ಕೇಳಿ ಊರು ಬಿಟ್ಟು ಹೋಗುವುದು. ನಾವು ದೇವಾಲಯದಲ್ಲಿ ಇದನ್ನು ಕೇಳುವಾಗ ಮನಸ್ಸೆಲ್ಲ ಚಿಕ್ಕವನ ಮೇಲೆಯೇ. ಹಾಳಾಗಿ ಹೋದ, ತಿರುಗಿ ಬಂದ, ತಂದೆ ಓಡಿಹೋಗಿ ಅಪ್ಪಿಕೊಂಡ. ನಮ್ಮ ಕೂಟದಲ್ಲಿ ಹಾಗಾಗಲಿಲ್ಲ. ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ರೈತರ ಮಕ್ಕಳು. ಪಾಲು ಎಂದರೇನು, ಪಹಣಿಯಲ್ಲಿ ಹೆಸರು ಎಂದರೇನು, ಅಣ್ಣತಮ್ಮಂದಿರು ಮಾತು ಬಿಡುವುದು ಎಂದರೇನು ಎಂದು ಅವರಿಗೆ ನಾನು ಹೇಳಿಕೊಡಬೇಕಿರಲಿಲ್ಲ. ಎಲ್ಲರೂ ದೊಡ್ಡ ಮಗನ ಕಡೆ ನಿಂತರು!

"ಅಕ್ಕಾ, ಅವನು ಹೊಲದಲ್ಲಿ ದುಡಿದು ಬಂದಿದ್ದಾನೆ. ಅವನಿಗೆ ಒಂದು ಮೇಕೆಮರಿನೂ ಕೊಟ್ಟಿಲ್ಲ. ಎಲ್ಲಾ ಕಳ್ಕೊಂಡು ಬಂದವನಿಗೆ ಕೊಬ್ಬಿದ ಕರು. ಇದು ಯಾವ ನ್ಯಾಯ?" ಎಂದು ಇವನು ಕೇಳಿದ. ಅವನ ದನಿ ನಡುಗುತ್ತಿತ್ತು. ಅವರ ಮನೆಯಲ್ಲೇ ಅಪ್ಪ ಮತ್ತು ಚಿಕ್ಕಪ್ಪನ ನಡುವೆ ಅಂಥದ್ದೇ ಜಗಳ ನಡೆಯುತ್ತಿದೆ ಎಂದು ಆಮೇಲೆ ತಿಳಿಯಿತು. ನಾನು ಉತ್ತರ ಹೇಳಲು ಹೋಗಲಿಲ್ಲ, ಇನ್ನೊಂದು ಸಲ ಓದಿ ಎಂದೆ. ನರ್ಸಿಂಗ್ ಓದುವ ಹುಡುಗಿಯೊಬ್ಬಳು ಗಮನಿಸಿದಳು. ಚಿಕ್ಕವನಿಗಾಗಿ ಓಡಿದ ಅದೇ ತಂದೆ, ದೊಡ್ಡವನಿಗಾಗಿಯೂ ಮನೆಯಿಂದ ಹೊರಗೆ ಬರುತ್ತಾನೆ. ಅತಿಥಿಗಳನ್ನೆಲ್ಲ ಬಿಟ್ಟು ಹೊರಗೆ ನಿಂತು ಬೇಡಿಕೊಳ್ಳುತ್ತಾನೆ. ನನ್ನದೆಲ್ಲ ನಿನ್ನದೇ ಎನ್ನುತ್ತಾನೆ. ದೊಡ್ಡವನು ಒಳಗೆ ಹೋದನೋ ಇಲ್ಲವೋ, ಲೂಕ ಬರೆದೇ ಇಲ್ಲ. ಅದನ್ನು ಓದಿದ ಮೇಲೆ ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಚಿಕ್ಕಂದಿನಿಂದ ಆ ಕಥೆ ಕೇಳಿದ ನನಗೆ ದೊಡ್ಡ ಮಗ ಕಣ್ಣಿಗೆ ಬಿದ್ದದ್ದು ಆವತ್ತು. ನನಗೆ ತೋರಿಸಿದವರು ಆ ಮಕ್ಕಳು.

ಲೂಕ ಮುಗಿದಾಗ ಅವನು ನೇರವಾಗಿ ಹೇಳಿದ: "ಅಕ್ಕಾ, ಯೇಸು ನಂಗೆ ತುಂಬಾ ಇಷ್ಟ. ಆದ್ರೆ ನಾನು ಕ್ರೈಸ್ತ ಆಗಲ್ಲ. ಬರ್ತಾ ಇರಬಹುದಾ?" ಬಾ ಎಂದೆ. ಅವನಿಗಾಗಿ ಈಗಲೂ ಪ್ರಾರ್ಥಿಸುತ್ತೇನೆ, ಅದು ಅವನಿಗೂ ಗೊತ್ತು. ಯೇಸುವೇ ದಾರಿ ಎಂದು ನಾನು ಪೂರ್ತಿ ಮನಸ್ಸಿನಿಂದ ನಂಬಿದ್ದೇನೆ, ಅದನ್ನು ಅವನ ಮುಂದೆ ಮುಚ್ಚಿಟ್ಟಿಲ್ಲ. ಅವನ ಉತ್ತರ ಕೇಳಿ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಬೇಡ ಎನ್ನಲು ಬಿಡದ ಕಡೆ ಹೌದು ಎಂದದ್ದಕ್ಕೆ ಬೆಲೆ ಇರುತ್ತಾ? ವಿಚಾರಣೆ ನಡೆದಾಗ ಅವನು ಯಾರೂ ಕರೆಯದೆ ತಾನೇ ಹೋಗಿ ಹೇಳಿಕೆ ಕೊಟ್ಟು ಬಂದ. "ಇಡೀ ಲೂಕ ಓದಿದ್ದೀನಿ. ಸೋಮವಾರ ಈಶ್ವರನ ಗುಡಿಗೆ ಹೋಗೋದನ್ನ ಬಿಟ್ಟಿಲ್ಲ. ಬಿಡು ಅಂತ ಯಾರೂ ಹೇಳಿಲ್ಲ" ಎಂದನಂತೆ. ನಮಗೆ ಅದನ್ನು ಹೇಳಿದ್ದು ಅವನ ಗೆಳೆಯ. ತಮ್ಮಾ, ನಿನ್ನ ಆ ಧೈರ್ಯಕ್ಕೆ ನಾವೆಲ್ಲ ಋಣಿ. ನಿನ್ನನ್ನು ತಡೆಯದ ನಿನ್ನ ಅಮ್ಮನಿಗೂ ನನ್ನ ನಮಸ್ಕಾರ ಹೇಳು.

ಪ್ರಶ್ನೆ ಕೇಳಿದವರಿಗೆಲ್ಲ ವಂದನೆ. "ಇದು ಬ್ರಿಟಿಷರು ತಂದ ಧರ್ಮ ಅಲ್ವಾ?" ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಅಂಥವರನ್ನು ಬೇಸಿಗೆಯಲ್ಲಿ ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋಗುತ್ತೇವೆ. ಹೇಮಾವತಿಯ ನೀರು ಇಳಿದಾಗ ಆ ಹಳೆಯ ಚರ್ಚಿನ ಗೋಡೆಗಳ ನೆರಳಿನಲ್ಲಿ ಕೂತು ಮಾತಾಡಲು ಒಳ್ಳೆಯ ಜಾಗ. ಅದನ್ನು 1860ರ ದಶಕದಲ್ಲಿ ಕಟ್ಟಿಸಿದವರು ಫ್ರೆಂಚ್ ಪಾದ್ರಿಗಳು. ನಮ್ಮ ಭಾಷೆಗೆ 1894ರಲ್ಲಿ ದೊಡ್ಡ ನಿಘಂಟು ಕೊಟ್ಟ ಕಿಟೆಲ್ ಜರ್ಮನಿಯವರು. ಅವರಿಗಿಂತ ಎಷ್ಟೋ ಶತಮಾನ ಮೊದಲೇ ಕೇರಳದಲ್ಲಿ ಕ್ರೈಸ್ತರಿದ್ದರು. ಯೇಸು ಯುರೋಪಿನವನೇ ಅಲ್ಲ, ಏಷ್ಯಾದವನು. ಹೀಗೆ ಹೇಳಿದರೂ ಎಲ್ಲರೂ ಒಪ್ಪುವುದಿಲ್ಲ, ವಾದ ಗೊರೂರಿನ ಬಸ್ಸಿನಲ್ಲೂ ಮುಂದುವರಿಯುತ್ತದೆ. ನನಗೆ ಅದು ತುಂಬಾ ಖುಷಿ.

ಅಪ್ಪ ತೀರಿಹೋದ ತಿಂಗಳಲ್ಲೇ ಕೂಟಕ್ಕೆ ಬಂದು, "ನಿಮ್ಮ ದೇವರು ಆಗ ಎಲ್ಲಿದ್ದ?" ಎಂದು ಕೇಳಿದ ಆಲೂರಿನ ಹುಡುಗಿಗೆ ಬೇರೆಯೇ ಒಂದು ವಂದನೆ. ಅವತ್ತು ಯಾರೂ ಉಪದೇಶ ಮಾಡಲಿಲ್ಲ. ತೀರಿಹೋದ ಗೆಳೆಯ ಲಾಜರನಿಗಾಗಿ ಯೇಸು ಅತ್ತದ್ದನ್ನು ಓದಿದೆವು, ಅವಳ ಜೊತೆ ನಾವೂ ಅತ್ತೆವು. ಈಗ ಹೊಸದಾಗಿ ಬರುವ ಹುಡುಗಿಯರನ್ನು ಬಾಗಿಲಲ್ಲಿ ಎದುರುಗೊಂಡು ಒಳಗೆ ಕರೆತರುವವಳು ಅವಳೇ.

ಅಡುಗೆಗೆ ನಿಂತ ಮಹಿಳಾ ಸಂಘದ ಅಕ್ಕಂದಿರು, ಬೆಂಗಳೂರಿನಲ್ಲಿ ಕೆಲಸ ಮಾಡುತ್ತ ಬೈಬಲ್‌ಗಳಿಗೆ ದುಡ್ಡು ಕಳಿಸುವ ಹಳೆಯ ವಿದ್ಯಾರ್ಥಿಗಳು, ಗಿಟಾರ್ ಬಿಟ್ಟುಹೋದ ಸಕಲೇಶಪುರದ ತಮ್ಮ, ನಿಮ್ಮೆಲ್ಲರಿಗೂ ವಂದನೆ. ಮಗಳನ್ನು ಕಳಿಸಲು ಹೆದರಿ, ಆಮೇಲೆ ತಾವೇ ಒಂದು ಶನಿವಾರ ಬಂದು ಹಿಂದೆ ಕೂತು ನೋಡಿ, "ಏಳು ಗಂಟೆ ಬಸ್ಸಿಗೆ ಹತ್ತಿಸಿಬಿಡಿ, ಅಷ್ಟು ಸಾಕು" ಎಂದ ಅಪ್ಪನಿಗೆ ವಿಶೇಷವಾಗಿ. ನೀವು ಬಂದು ನೋಡಿದ್ದರಿಂದ ಇನ್ನಷ್ಟು ಮನೆಗಳ ಹೆದರಿಕೆ ಹೋಯಿತು. ನಮ್ಮ ಯಜಮಾನರಿಗೆ ಇಲ್ಲಿ ಏನೂ ಬರೆಯುವುದಿಲ್ಲ, ಅವರಿಗೆ ಇಷ್ಟ ಆಗುವುದಿಲ್ಲ. ಆದರೆ ಇಬ್ಬರೇ ಬಂದ ಆ ಶನಿವಾರ, "ಇಬ್ಬರಿದ್ದಾರಲ್ಲ, ಶುರು ಮಾಡು" ಎಂದವರು ಅವರೇ.

ಅರ್ಜಿ ಕೊಟ್ಟವರ ಮೇಲೆ ನಮಗೆ ಕೋಪ ಇಲ್ಲ. ನಮ್ಮ ಬಗ್ಗೆ ಅನುಮಾನ ಇರುವ ಯಾರೇ ಆದರೂ ಬಂದು ಕೂತು ನೋಡಬಹುದು. ಬಾಗಿಲು ಹಾಕುವುದಿಲ್ಲ.

ಬರುವ ಶನಿವಾರದಿಂದ ಬೈಬಲಿನ 'ಅಪೊಸ್ತಲರ ಕೃತ್ಯಗಳು' ಪುಸ್ತಕ ಶುರು. ಸಂಜೆ ಐದೂವರೆಗೆ ಕೂರುತ್ತೇವೆ, ಬಸ್ಸಿನವರನ್ನು ಆರೂಮುಕ್ಕಾಲಿಗೆ ಬಿಡುತ್ತೇವೆ. ಪುಸ್ತಕ ಇಲ್ಲದವರಿಗೆ ಇಲ್ಲೇ ಇವೆ. ಮೆಟ್ಟಿಲ ಹತ್ತಿರ ಗಾಡಿ ನಿಲ್ಲಿಸಬೇಡಿ, ಅಜ್ಜಿಗೆ ಓಡಾಡಲು ಜಾಗ ಬೇಕು.