ಹಳೇ ಎಕ್ಸಿಕ್ಯುಟಿವ್ ಕಾರು ಕೊಳ್ಳುವ ಮುಂಚೆ ಎಂಒಟಿ ದಾಖಲೆ ಓದಿ

ಸದಸ್ಯರ ಗಮನಕ್ಕೆ: ಬ್ರಿಟನ್ನಿನಲ್ಲಿ ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು 5 ಸೀರೀಸ್, ಆಡಿ ಎ6 ಥರದ ಗಾಡಿ ಹುಡುಕುತ್ತಿರುವವರು ಮೊದಲು ಸರ್ಕಾರಿ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ಎಂಒಟಿ (ಅಲ್ಲಿನ ಕಡ್ಡಾಯ ವಾರ್ಷಿಕ ವಾಹನ ತಪಾಸಣೆ) ಇತಿಹಾಸ ತೆಗೆಯಿರಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಪಾಸೋ ಫೇಲೋ ಅಂತಷ್ಟೇ ನೋಡಬೇಡಿ, ಅಸಲಿ ವಿಷಯ ಇರುವುದು ಕೆಳಗಿನ ‘ಅಡ್ವೈಸರಿ’ ಸಾಲುಗಳಲ್ಲಿ, ಅಂದರೆ ಫೇಲ್ ಮಾಡುವಷ್ಟಿಲ್ಲದಿದ್ದರೂ ಗಮನಿಸಿ ಎಂದು ತಪಾಸಕರು ಬರೆದ ಎಚ್ಚರಿಕೆಗಳಲ್ಲಿ. ಬಲ್ಬ್, ವೈಪರ್‌ಗೆ ಫೇಲಾದರೆ ತಲೆ ಕೆಡಿಸಿಕೊಳ್ಳಬೇಡಿ. ಅದೇ ‘ಸಸ್ಪೆನ್ಷನ್ ಆರ್ಮ್ ಬುಷ್ (ಚಕ್ರ ಹಿಡಿದಿರುವ ತೋಳಿನ ಕೀಲಿನ ರಬ್ಬರ್) ಸವೆದಿದೆ’ ಎಂಬ ಸಾಲು ಸತತ 2 ವರ್ಷ ಬಂದು 3ನೇ ವರ್ಷ ಫೇಲಾಗಿದ್ದರೆ, ಮಾಲೀಕ ರಿಪೇರಿ ಮುಂದೂಡುವ ಆಸಾಮಿ. ಅಂಥವರು ಎಂಜಿನ್ ಆಯಿಲನ್ನಾದರೂ ಹೊತ್ತಿಗೆ ಬದಲಿಸಿದ್ದಾರೆಂದು ನಂಬುವುದು ಕಷ್ಟ. ಟೈರಿನ ಒಳಅಂಚು ಮಾತ್ರ ಸವೆದಿದೆ ಎಂದು ಬರೆದಿದ್ದರೆ ಅಲೈನ್‌ಮೆಂಟ್ (ಚಕ್ರಗಳ ಕೋನ) ಜೊತೆ ಬುಷ್‌ಗಳನ್ನೂ ಅನುಮಾನಿಸಿ. ಬ್ರೇಕ್ ಪೈಪಿಗೆ ತುಕ್ಕು ಎಂದಿದ್ದರೆ ಗಾಡಿ ಎತ್ತಿಸಿ ಅಡಿಭಾಗ ನೋಡಲೇಬೇಕು.

ದಾಖಲೆಯಲ್ಲಿರುವ ಪ್ರತಿ ವರ್ಷದ ಮೈಲಿ ಅಂಕಿಯಿಂದ ಅದರ ಹಿಂದಿನ ವರ್ಷದ ಅಂಕಿ ಕಳೆದು ನೋಡಿ. ವರ್ಷಕ್ಕೆ 15,000 ಮೈಲಿ ಓಡುತ್ತಿದ್ದ ಡೀಸೆಲ್ ಗಾಡಿ 2,000ಕ್ಕೆ ಇಳಿದಿದ್ದರೆ ಬರೀ ಸಣ್ಣ ಓಡಾಟದಲ್ಲಿ ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಕೊಂಡಿರಬಹುದು. ಅಂಕಿ ಹಿಂದಕ್ಕೆ ಹೋಗಿದ್ದರೆ ಮುಂದಿನ ವರ್ಷದ್ದನ್ನೂ ನೋಡಿ, ಕೆಲವೊಮ್ಮೆ ಟೈಪಿಂಗ್ ತಪ್ಪಷ್ಟೇ.

ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಸ್ಥಿತಿಯನ್ನು ಎಂಒಟಿ ನೋಡುವುದೇ ಇಲ್ಲ. ಟೈಮಿಂಗ್ ಚೈನ್, ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಬಿಲ್‌ಗಳನ್ನು ಬೇರೆಯಾಗಿ ಕೇಳಿ ಪಡೆಯಿರಿ.